ಪರದೇಶದಲ್ಲಿರುವ ನಮ್ಮ ಹೆಂಗಸರ ಕ್ಯಾನ್ಸರ್ ತಪಾಸಣೆ ಯಾಕೆ ತಪ್ಪಿಹೋಗುತ್ತಿದೆ?

ತುಂಗಾತೀರ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಈ ಸಲ ಹೆಂಗಸರ ಆರೋಗ್ಯಕ್ಕೆ ಅಂತ ಒಂದು ಗಂಟೆ ಇಡೋಣ ಅಂದುಕೊಂಡಿದ್ದೇವೆ. ಅದಕ್ಕೆ ಮುಂಚೆ ನಿಮ್ಮೆಲ್ಲರನ್ನು ಕೇಳಬೇಕು ಅನ್ನಿಸಿತು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ), ಪ್ಯಾಪ್ ಟೆಸ್ಟ್ (ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ನೋಡುವುದು) ನೀವು ಇನ್ನೂ ಮಾಡಿಸಿಲ್ಲ ಅಂದರೆ, ಅಥವಾ ಮಾಡಿಸೋಕೆ ವರ್ಷಗಟ್ಟಲೆ ತಡವಾಯಿತು ಅಂದರೆ, ನಿಜವಾಗಿ ಅಡ್ಡ ಬಂದದ್ದು ಏನು?

ಯಾರನ್ನು ಕೇಳಿದರೂ "ನಮ್ಮವರಿಗೆ ನಾಚಿಕೆ ಜಾಸ್ತಿ, ತಿಳುವಳಿಕೆ ಕಮ್ಮಿ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ನನ್ನ ಸುತ್ತ ಇರುವವರು ಇಂಜಿನಿಯರಿಂಗ್ ಓದಿದವರು, ಊರಲ್ಲಿ ಟೀಚರ್ ಆಗಿದ್ದವರು, ಬ್ಯಾಂಕಿನಲ್ಲಿದ್ದವರು. ಗಂಡನ ಕೆಲಸಕ್ಕೆ ಅಂತ ಎಚ್-4 ವೀಸಾದಲ್ಲಿ ಬಂದವರು. ಎರಡು ಹೆರಿಗೆ ಇಲ್ಲೇ ಆದವರಿಗೆ ಐದು ನಿಮಿಷದ ಟೆಸ್ಟ್‌ಗೆ ಮಾತ್ರ ನಾಚಿಕೆ ಅಡ್ಡ ಬರುತ್ತದಾ?

ನಾನು ಕಂಡದ್ದು ಬೇರೆ. ಹೆರಿಗೆಯಾಗಿ ಆರು ವಾರದ ಚೆಕಪ್ ಮುಗಿದ ಮೇಲೆ ನಮ್ಮನ್ನು ಯಾರೂ ಡಾಕ್ಟರ್ ಹತ್ತಿರ ಕಳಿಸುವುದಿಲ್ಲ. ಅಲ್ಲಿಂದ ಮುಂದೆ ಆಸ್ಪತ್ರೆ ಅಂದರೆ ಮಗುವಿನ ಲಸಿಕೆ, ಮಗುವಿನ ಜ್ವರ, ಮಗುವಿನ ಹಲ್ಲು. ಗಂಡನ ಶುಗರ್. ಊರಿಂದ ಬಂದ ಮಾವನ ಬಿಪಿ. ಮಕ್ಕಳ ಡಾಕ್ಟರ್ ನಂಬರ್ ಬಾಯಿಪಾಠ ಇರುತ್ತದೆ, ತನಗೆ ಅಂತ ಒಬ್ಬ ಡಾಕ್ಟರ್ ಇರುವುದಿಲ್ಲ. ಕೇಳುವವರಿಲ್ಲ, ಕರೆಯುವವರಿಲ್ಲ. ನನ್ನ ಮಟ್ಟಿಗೆ ದೊಡ್ಡ ಅಡ್ಡಿ ಇದೇ.

ಇನ್ನೊಂದು ವಿಷಯ. ಅಮೆರಿಕದಲ್ಲಿ 2024ರಲ್ಲಿ ಸಲಹೆ ಬದಲಾಗಿದೆ. 40ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್. ಮೊದಲು 50ಕ್ಕೆ ಶುರು, ನಲವತ್ತರಲ್ಲಿ ಅವರವರ ಇಷ್ಟ ಅಂತ ಇತ್ತು. ನಮ್ಮ ಕೂಟದ ಅರ್ಧಕ್ಕರ್ಧ ಹೆಂಗಸರು ಈಗ ಈ ವಯಸ್ಸಿನೊಳಗೆ ಬರುತ್ತಾರೆ. ಎಷ್ಟು ಜನಕ್ಕೆ ಯಾರಾದರೂ ಹೇಳಿದ್ದಾರೆ?

ಉಣಕಲ್‌ಕೆರೆ (ಮೆಲ್ಬರ್ನ್)

ಅಕ್ಕಾ, ಒಳ್ಳೆ ಪ್ರಶ್ನೆ ಎತ್ತಿದ್ದೀರಿ. ನಮ್ಮ ಓರಗಿತ್ತಿ ಪ್ಯಾಪ್ ಟೆಸ್ಟ್ ಅಂದರೆ ಕೈಮುಗಿದು ಬೇಡ ಅನ್ನುತ್ತಿದ್ದರು. ನಾಚಿಕೆಗಿಂತ ನೋವಿನ ಭಯ. ಮೊದಲ ಹೆರಿಗೆಯಲ್ಲಿ ಬಹಳ ಕಷ್ಟ ಪಟ್ಟಿದ್ದರು, ಆಮೇಲೆ ಟೆಸ್ಟ್‌ಗೆ ಒಳಗೆ ಹಾಕುವ ಆ ಉಪಕರಣ ಕಣ್ಣಿಗೆ ಬಿದ್ದರೂ ಮೈ ಬಿಗಿಯುತ್ತಿತ್ತು.

ಆಸ್ಟ್ರೇಲಿಯಾದಲ್ಲಿ 2017ರ ಡಿಸೆಂಬರ್‌ನಿಂದ ಪ್ಯಾಪ್ ಬದಲು ಎಚ್‌ಪಿವಿ ಟೆಸ್ಟ್ ಬಂದಿದೆ, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವುದು. 25ರಿಂದ 74 ವರ್ಷ, ಐದು ವರ್ಷಕ್ಕೊಮ್ಮೆ. 2022ರ ಜುಲೈಯಿಂದ ಯಾರು ಬೇಕಾದರೂ ಸ್ಯಾಂಪಲ್ ತಾವೇ ತೆಗೆದುಕೊಳ್ಳಬಹುದು. ಕ್ಲಿನಿಕ್‌ನ ಪರದೆ ಹಿಂದೆ ನಿಂತು ಉದ್ದನೆ ಹತ್ತಿ ಕಡ್ಡಿಯನ್ನು ಸ್ವಲ್ಪ ಒಳಗೆ ಹಾಕಿ, ಕೆಲವು ಸೆಕೆಂಡ್ ತಿರುಗಿಸಿ, ಟ್ಯೂಬ್‌ನಲ್ಲಿಟ್ಟು ಕೊಟ್ಟರಾಯಿತು. ಗರ್ಭಕಂಠದವರೆಗೂ ಮುಟ್ಟಿಸಬೇಕಿಲ್ಲ. ಓರಗಿತ್ತಿ ಇದನ್ನು ಕೇಳಿದ ವಾರವೇ ಹೋಗಿ ಮಾಡಿಸಿಕೊಂಡು ಬಂದರು. ಇಷ್ಟು ವರ್ಷ ಅವರನ್ನು "ಹಳೇ ಕಾಲದವರು" ಅಂತ ಅನ್ನುತ್ತಿದ್ದವರು ಬಹಳ ಮಂದಿ. ಅವರಿಗೆ ಒಪ್ಪುವ ದಾರಿ ಒಂದಿದೆ ಅಂತ ಹೇಳಿದವರು ಯಾರೂ ಇರಲಿಲ್ಲ.

ಮೊಗ್ಗಿನಮಾಲೆ (ಲೆಸ್ಟರ್)

ನಾನು ಇಲ್ಲಿ ಒಂದು ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್‌ನಲ್ಲಿ ನರ್ಸ್. ಈ ಟೆಸ್ಟ್ ಮಾಡುವುದೇ ನನ್ನ ಕೆಲಸದ ಒಂದು ಭಾಗ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಂಗ್ಲೆಂಡ್‌ನಲ್ಲಿ ಕರೆಯುವವರು ಇದ್ದಾರೆ. ಗರ್ಭಕಂಠದ ತಪಾಸಣೆಗೆ 25ರಿಂದ 64 ವರ್ಷದವರಿಗೆ, ಸ್ತನದ ತಪಾಸಣೆಗೆ 50ರಿಂದ 71ನೇ ಹುಟ್ಟುಹಬ್ಬದವರೆಗೆ ಪತ್ರ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೂ ನಮ್ಮವರು ತಪ್ಪಿಹೋಗುತ್ತಾರೆ. ಯಾಕೆ ಅಂದರೆ ಆ ಪತ್ರ ಹೋಗುವುದು ಜಿಪಿ ಹತ್ತಿರ ಹೆಸರು ಬರೆಸಿದವರಿಗೆ ಮಾತ್ರ. ಬಂದ ಹೊಸದರಲ್ಲಿ ಗಂಡ ತನ್ನ ಹೆಸರು ಬರೆಸಿರುತ್ತಾನೆ, ಹೆಂಡತಿಯದು "ಹುಷಾರಿಲ್ಲದಾಗ ನೋಡಿದರಾಯಿತು" ಅಂತ ಬಿಟ್ಟುಹೋಗುತ್ತದೆ. ಬಾಡಿಗೆ ಮನೆ ಬದಲಾಗುತ್ತದೆ, ಪತ್ರ ಹಳೇ ಮನೆಗೆ ಹೋಗುತ್ತದೆ. ಇಲ್ಲಿ ಜಿಪಿಯಲ್ಲಿ ಹೆಸರು ಬರೆಸಲು ವೀಸಾ ಕಾಗದವಾಗಲಿ ವಿಳಾಸದ ಪುರಾವೆಯಾಗಲಿ ಕಡ್ಡಾಯ ಅಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆ ಬದಲಿಸಿದಾಗ ಬ್ಯಾಂಕಿಗೆ ಹೇಳುವಷ್ಟೇ ಬೇಗ ಜಿಪಿಗೂ ಹೇಳಿ.

ಆಮೇಲೆ ಭಾಷೆ. ಅತ್ತೆಯನ್ನು ಕರೆದುಕೊಂಡು ಬರುವುದು ಮಗ. ನಾನು ಕೇಳಬೇಕಾದ ಪ್ರಶ್ನೆ: ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದೀರಾ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಬರುತ್ತದಾ, ಬಿಳಿ ಸೆರಗಿಗೆ ವಾಸನೆ ಇದೆಯಾ. ಮಗನ ಬಾಯಲ್ಲಿ ಈ ಪ್ರಶ್ನೆ ಬಂದರೆ ಯಾವ ತಾಯಿ ಉತ್ತರ ಕೊಡುತ್ತಾಳೆ? ಎಲ್ಲಕ್ಕೂ "ಇಲ್ಲ" ಅನ್ನುತ್ತಾಳೆ, ನಾನು "ಇಲ್ಲ" ಅಂತ ಬರೆದುಕೊಳ್ಳುತ್ತೇನೆ. ದುಭಾಷಿ ಬೇಕು ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. ಫೋನಿನ ಮೂಲಕವಾದರೂ ಸಿಗುತ್ತಾರೆ, ಅದಕ್ಕೂ ದುಡ್ಡಿಲ್ಲ. ನನ್ನ ಮುಂದೆ ಕೂತವರು ಕನ್ನಡದವರು ಅಂತ ಗೊತ್ತಾಗಿ ನಾನು ಕನ್ನಡದಲ್ಲಿ ಮಾತಾಡಿಸಿದರೆ ಮುಖವೇ ಬೇರೆಯಾಗುತ್ತದೆ. ಅದೇ ಹೆಂಗಸು, ಅದೇ ಕೋಣೆ. "ಹೌದಮ್ಮ, ಮೂರು ತಿಂಗಳಿಂದ ಸ್ವಲ್ಪ ಸ್ವಲ್ಪ ಕಾಣಿಸುತ್ತಿದೆ" ಅಂತ ಆಗ ಹೊರಗೆ ಬರುತ್ತದೆ.

ಟೆಸ್ಟ್ ಮಾಡಿಸಿಕೊಳ್ಳುವವರು ಕೇಳಬಹುದಾದದ್ದೂ ಬಹಳ ಇದೆ. ಹೆಂಗಸೇ ಮಾಡಬೇಕು ಅನ್ನಬಹುದು. ಚಿಕ್ಕ ಅಳತೆಯ ಉಪಕರಣ ಕೇಳಬಹುದು. ನಾನೇ ಒಳಗೆ ಹಾಕಿಕೊಳ್ಳುತ್ತೇನೆ ಅನ್ನಬಹುದು. ಒಂದು ಪಕ್ಕಕ್ಕೆ ತಿರುಗಿ ಮಲಗಬಹುದು. ನಡುವೆ ಸಾಕು ಅಂದರೆ ಅಲ್ಲಿಗೆ ನಿಲ್ಲಿಸಲೇಬೇಕು. ಮ್ಯಾಮೊಗ್ರಾಮ್ ತೆಗೆಯುವವರಂತೂ ಇಲ್ಲಿನ ಸರ್ಕಾರಿ ತಪಾಸಣೆಯಲ್ಲಿ ಎಲ್ಲರೂ ಹೆಂಗಸರೇ.

ಅರಳಿಕಟ್ಟೆ (ಡಲ್ಲಾಸ್)

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಇನ್ಶೂರೆನ್ಸ್ ಇರುವುದು ಗಂಡನ ಕಂಪನಿಯಿಂದ. ಲಾಗಿನ್ ಅವನದು, ಇಮೇಲ್ ಅವನದು, ಫೋನ್ ನಂಬರ್ ಅವನದು. "ನಿಮ್ಮ ತಪಾಸಣೆಯ ಸಮಯ ಬಂದಿದೆ" ಅನ್ನುವ ಸಂದೇಶ ಹೆಂಡತಿಯ ಹೆಸರಿನಲ್ಲಿ ಗಂಡನ ಇನ್‌ಬಾಕ್ಸ್‌ಗೆ ಬಂದು ಜಾಹೀರಾತುಗಳ ನಡುವೆ ಕೂರುತ್ತದೆ. ತುಂಗಾತೀರ ಮೇಡಂ ಹೇಳಿದ "ಕರೆಯುವವರಿಲ್ಲ" ಅನ್ನುವುದರ ಒಂದು ಕಾರಣ ಇದೂ ಹೌದು. ಕರೆ ಬರುತ್ತದೆ, ತಲುಪಬೇಕಾದವರಿಗೆ ತಲುಪುವುದಿಲ್ಲ. 18 ದಾಟಿದ ಪ್ರತಿಯೊಬ್ಬರೂ ತಮ್ಮದೇ ಲಾಗಿನ್ ಮಾಡಿಕೊಳ್ಳಬಹುದು. ಹತ್ತು ನಿಮಿಷದ ಕೆಲಸ. ಇವತ್ತೇ ಮಾಡಿಕೊಡಿ ಅಂತ ನನ್ನ ಸ್ನೇಹಿತರಿಗೆಲ್ಲ ಹೇಳುತ್ತಿದ್ದೇನೆ.

ಬೆಳದಿಂಗಳು (ಬೇ ಏರಿಯಾ)

ಯಾರೂ ದುಡ್ಡಿನ ಮಾತೇ ಎತ್ತಲಿಲ್ಲವಲ್ಲ. ತಪಾಸಣೆ ಉಚಿತ ಅಂತ ನಂಬಿ ನಾನು ಮ್ಯಾಮೊಗ್ರಾಮ್‌ಗೆ ಹೋದೆ. "ಸರಿಯಾಗಿ ಕಾಣುತ್ತಿಲ್ಲ, ಮತ್ತೆ ಬನ್ನಿ" ಅಂದರು. ಎರಡನೇ ಸಲ ಇನ್ನಷ್ಟು ಚಿತ್ರ, ಜೊತೆಗೆ ಅಲ್ಟ್ರಾಸೌಂಡ್. ಏನೂ ಇಲ್ಲ ಅಂತ ಬಂತು, ಸಂತೋಷ. ಮುಂದಿನ ತಿಂಗಳು ಬಿಲ್ ಬಂತು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ನಾನು ಅದನ್ನು ಹೇಳಿಕೊಂಡ ಮೇಲೆ ಮಾಡಿಸಬೇಕು ಅಂತಿದ್ದ ಮೂರ್ನಾಲ್ಕು ಜನ ಹಿಂದೆ ಸರಿದರು. ನಾಚಿಕೆಯೂ ಅಲ್ಲ, ತಿಳುವಳಿಕೆಯೂ ಅಲ್ಲ. ಬಿಲ್.

ಅದರ ಜೊತೆಗೆ ಇನ್ನೊಂದು ಪತ್ರ, ನಿಮ್ಮ ಸ್ತನದ ಅಂಗಾಂಶ ದಟ್ಟವಾಗಿದೆ ಅಂತ. ಅದನ್ನು ಓದಿ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ತುಂಗಾತೀರ (ನ್ಯೂಜೆರ್ಸಿ)

ಬೆಳದಿಂಗಳು ಅವರೇ, ಆ ಪತ್ರ 2024ರ ಸೆಪ್ಟೆಂಬರ್‌ನಿಂದ ದೇಶದ ಎಲ್ಲ ಕೇಂದ್ರಗಳೂ ಕೊಡಲೇಬೇಕಾದದ್ದು. ದಟ್ಟ ಅಂದರೆ ಕಾಯಿಲೆ ಅಲ್ಲ, ಬಹಳ ಹೆಂಗಸರಿಗೆ ಹಾಗಿರುತ್ತದೆ. ಚಿತ್ರದಲ್ಲಿ ಗಡ್ಡೆ ಗುರುತಿಸುವುದು ಸ್ವಲ್ಪ ಕಷ್ಟ, ಅಪಾಯವೂ ಒಂದಿಷ್ಟು ಜಾಸ್ತಿ, ಡಾಕ್ಟರ್ ಜೊತೆ ಮಾತಾಡಿ ಅಂತ ಅದರ ಅರ್ಥ. ಇದನ್ನು ಒಬ್ಬರು ಬಾಯಲ್ಲಿ ಹೇಳಿದ್ದರೆ ನಿಮಗೆ ನಿದ್ದೆ ಕೆಡುತ್ತಿರಲಿಲ್ಲ.

ಬಿಲ್ ವಿಷಯ ನಿಜ. ಇಲ್ಲಿ ಹೆಚ್ಚಿನ ಇನ್ಶೂರೆನ್ಸ್‌ಗಳು ಮೊದಲ ತಪಾಸಣೆಗೆ ದುಡ್ಡು ಕೇಳುವಂತಿಲ್ಲ. ಮ್ಯಾಮೊಗ್ರಾಮ್ ಆದ ಮೇಲೆ ಬರುವ ಟೆಸ್ಟ್‌ಗಳಿಗೆ 2025ರವರೆಗೆ ಬಿಲ್ ಬರಬಹುದಿತ್ತು, 2026ರಲ್ಲಿ ಶುರುವಾಗುವ ಪ್ಲಾನ್‌ಗಳಿಂದ ಹೆಚ್ಚಿನವು ಅದಕ್ಕೂ ಕೇಳುವಂತಿಲ್ಲ. ಮರುಟೆಸ್ಟ್‌ಗೆ ಹೋಗುವ ಮುಂಚೆ ಇನ್ಶೂರೆನ್ಸ್‌ಗೆ ಫೋನ್ ಮಾಡಿ "ನನ್ನ ಪಾಲು ಎಷ್ಟು" ಅಂತ ಕೇಳಿ. ಇನ್ಶೂರೆನ್ಸ್ ಇಲ್ಲದ, ಆದಾಯ ಕಮ್ಮಿ ಇರುವವರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಗೆ 1990ರ ಕಾನೂನಿನಿಂದ ಬಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ, ರಾಜ್ಯ ರಾಜ್ಯಕ್ಕೂ ಅದರ ಹೆಸರು ಬೇರೆ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಅದು "ಎವ್ರಿ ವುಮನ್ ಕೌಂಟ್ಸ್". ಎರಡನೇ ಹಂತದ ಟೆಸ್ಟ್‌ಗಳನ್ನೂ ಅದು ನೋಡಿಕೊಳ್ಳುತ್ತದೆ.

ರಾಗಿಮುದ್ದೆ (ಸಿಯಾಟಲ್)

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ. ನಮ್ಮಜ್ಜಿ ಮಂಡ್ಯದ ಹಳ್ಳಿಯಲ್ಲಿ ಯಾವ ಟೆಸ್ಟೂ ಇಲ್ಲದೆ ತೊಂಬತ್ತು ದಾಟಿದರು. ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರ್ ಇಲ್ಲಿಯವರಷ್ಟು ಇಲ್ಲ ಅಂತ ಕೇಳಿದ್ದೇನೆ. ಆರೋಗ್ಯವಾಗಿ ಇರುವವರನ್ನು ಕರೆದು ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸುಮ್ನೆ ಇರೋ ಜೀವಕ್ಕೆ ಯಾಕೆ ಕಂಟಕ?

ವೈದ್ಯೆ_ಬಯಲುಸೀಮೆ (ಬೆಂಗಳೂರು)

ರಾಗಿಮುದ್ದೆ ಅವರೇ, ನಿಮ್ಮ ಪ್ರಶ್ನೆ ಸರಿಯಾದದ್ದೇ. ನಾನು ಸ್ತ್ರೀರೋಗ ತಜ್ಞೆ. ಪರದೇಶದಿಂದ ರಜೆಗೆ ಬರುವ ಹೆಂಗಸರು "ಅಲ್ಲಿ ಆಗುವುದಿಲ್ಲ, ಇಲ್ಲೇ ಮಾಡಿಬಿಡಿ ಡಾಕ್ಟ್ರೇ" ಅಂತ ನನ್ನ ಹತ್ತಿರ ಬರುತ್ತಾರೆ.

ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಅಮೆರಿಕಕ್ಕಿಂತ ಕಮ್ಮಿ ಅನ್ನುವುದು ನಿಜ. ಆದರೆ ವಲಸೆ ಹೋದವರಲ್ಲಿ ಅದು ನಿಧಾನಕ್ಕೆ ಏರುತ್ತದೆ, ಅವರ ಹೆಣ್ಣುಮಕ್ಕಳ ತಲೆಮಾರಿನಲ್ಲಿ ಅಲ್ಲಿಯವರ ಪ್ರಮಾಣಕ್ಕೆ ಇನ್ನೂ ಹತ್ತಿರವಾಗುತ್ತದೆ. ತಡವಾದ ಹೆರಿಗೆ, ಕಮ್ಮಿ ಮಕ್ಕಳು, ಕಮ್ಮಿ ಹಾಲೂಡಿಸುವುದು, ತೂಕ ಇವೆಲ್ಲ ಅದರಲ್ಲಿ ಸೇರಿವೆ. ಅಜ್ಜಿಯ ಬದುಕು ಮೊಮ್ಮಗಳದಲ್ಲ.

ಹುಡುಕಿದರೆ ಬೇಡದ್ದೂ ಸಿಗುತ್ತದೆ ಅನ್ನುವುದೂ ನಿಜ. ಮ್ಯಾಮೊಗ್ರಾಮ್‌ನಲ್ಲಿ ಸಿಗುವ ಕೆಲವು ಸಣ್ಣ ಕ್ಯಾನ್ಸರ್‌ಗಳು ಹಾಗೇ ಬಿಟ್ಟಿದ್ದರೂ ಜೀವಮಾನದಲ್ಲಿ ತೊಂದರೆ ಕೊಡುತ್ತಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿ, ಆಮೇಲೆ ಹೆಂಗಸು ತಾನೇ ತೀರ್ಮಾನ ಮಾಡಲಿ ಅನ್ನುವುದು ನನ್ನ ಅಭಿಪ್ರಾಯ. ಮತ್ತೆ ಕರೆದರು ಅಂದರೆ ಕ್ಯಾನ್ಸರ್ ಅಂತಲೂ ಅಲ್ಲ. ಅಮೆರಿಕದಲ್ಲಿ ಹಾಗೆ ಮತ್ತೆ ಕರೆಸಿಕೊಂಡ ಹತ್ತು ಜನರಲ್ಲಿ ಒಬ್ಬರಿಗೂ ಕ್ಯಾನ್ಸರ್ ಸಿಗುವುದಿಲ್ಲ.

ಗರ್ಭಕಂಠದ ಕಥೆ ಮಾತ್ರ ಪೂರ್ತಿ ಬೇರೆ. ಎಚ್‌ಪಿವಿ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ವರ್ಷದ ನಡುವೆ ಯಾವಾಗ ನೋಡಿದರೂ ಕ್ಯಾನ್ಸರ್ ಆಗುವ ಮುಂಚೆಯೇ ತೆಗೆದುಹಾಕಬಹುದು. 2022ರಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಹೆಂಗಸರು ಈ ಕಾಯಿಲೆಯಿಂದ ಸತ್ತರು ಅಂತ ಅಂದಾಜು. ತಡೆಯಬಹುದಾದ ಸಾವುಗಳು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಇನ್ನು ನಾಚಿಕೆಯ ಮಾತು. ನಮ್ಮ ಕಲಬುರಗಿ, ಬೀದರ್ ಪಕ್ಕದಲ್ಲೇ ಮಹಾರಾಷ್ಟ್ರದ ಉಸ್ಮಾನಾಬಾದ್ ಇದೆ, ಈಗ ಧಾರಾಶಿವ. ಅಲ್ಲಿಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ ಸುಮಾರು 1 ಲಕ್ಷ 30 ಸಾವಿರ ಹೆಂಗಸರನ್ನು ಸೇರಿಸಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ಗುಂಪಿನಲ್ಲಿ ಹತ್ತಕ್ಕೆ ಸುಮಾರು ಎಂಟು ಹೆಂಗಸರು ಬಂದು ಮಾಡಿಸಿಕೊಂಡಿದ್ದರು. ಬಹುಪಾಲು ಓದುಬರಹ ಇಲ್ಲದ, ಹೊಲದಲ್ಲಿ ದುಡಿಯುವ ಹೆಂಗಸರು. ಕಾರ್ಯಕರ್ತೆಯರು ಮನೆ ಬಾಗಿಲಿಗೆ ಹೋಗಿ ಅವರ ಭಾಷೆಯಲ್ಲಿ ಕರೆದಿದ್ದರು, ಅದಕ್ಕೆ ಬಂದರು. ಅದೇ ನಮ್ಮ ದೇಶದಲ್ಲಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇಲ್ಲ. ಹೆಂಗಸರು ಅವರೇ. ಕರೆಯುವ ರೀತಿ ಬೇರೆ.

ಹೆಸರು_ಬೇಡ

ವೈದ್ಯೆಯವರಿಗೆ ಒಂದು ಪ್ರಶ್ನೆ. ನನಗೆ ಎಚ್‌ಪಿವಿ ಇದೆ ಅಂತ ಬಂತು. ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಅಂತ ಕಾಗದದಲ್ಲಿ ಬರೆದಿತ್ತು. ಮನೆಯಲ್ಲಿ ಅದನ್ನು ಓದಿದ ಮೇಲೆ ಮಾತು ಕಮ್ಮಿಯಾಯಿತು. ಮದುವೆಯಾಗಿ ಹದಿನೆಂಟು ವರ್ಷ. ನಾನು ಯಾರಿಗೂ ಹೇಳಿಲ್ಲ. ಮರುಟೆಸ್ಟ್‌ಗೆ ಹೋಗಬೇಕು, ಹೋಗಲು ಮನಸ್ಸಿಲ್ಲ.

ವೈದ್ಯೆ_ಬಯಲುಸೀಮೆ (ಬೆಂಗಳೂರು)

ದಯವಿಟ್ಟು ಹೋಗಿ ಅಮ್ಮಾ. ಈ ಸೋಂಕು ಬದುಕಿನಲ್ಲಿ ಒಮ್ಮೆಯಾದರೂ ಬಹುತೇಕ ಎಲ್ಲ ಗಂಡಸರಿಗೂ ಹೆಂಗಸರಿಗೂ ಬಂದು ಹೋಗುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗೇ ಹೋಗುತ್ತದೆ. ಕೆಲವರಲ್ಲಿ ಎಷ್ಟೋ ವರ್ಷ, ದಶಕಗಳೇ ಸುಮ್ಮನೆ ಕೂತಿದ್ದು ಆಮೇಲೆ ಟೆಸ್ಟ್‌ನಲ್ಲಿ ಕಾಣಿಸುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ. ಇಂದಿನ ನಿಷ್ಠೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ನೀವೇ ಹೇಳಬೇಕಿಲ್ಲ, ಮರುಟೆಸ್ಟ್‌ಗೆ ಅವರನ್ನೂ ಕರೆದುಕೊಂಡು ಹೋಗಿ ಡಾಕ್ಟರ್ ಬಾಯಲ್ಲೇ ಹೇಳಿಸಿ. ನನ್ನ ಕೋಣೆಯಲ್ಲಿ ಹಾಗೆ ಹೇಳಿಸಿಕೊಂಡು ಹಗುರಾಗಿ ಎದ್ದು ಹೋದ ಜೋಡಿಗಳು ಬಹಳ.

ಕಡಲತೀರ (ದುಬೈ)

ನೀವೆಲ್ಲ ಮಾತಾಡುತ್ತಿರುವುದು ಮನೆ, ಕಾರು, ಇನ್ಶೂರೆನ್ಸ್ ಇರುವವರ ಬಗ್ಗೆ. ಇಲ್ಲಿ ಕೊಲ್ಲಿಯಲ್ಲಿ ನಮ್ಮ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಹೆಂಗಸರು ಮನೆಕೆಲಸಕ್ಕೂ ಇದ್ದಾರೆ. ಅವರ ಭಯವೇ ಬೇರೆ. ವೀಸಾ ಸಿಗಬೇಕಾದರೆ ಮೆಡಿಕಲ್ ಪಾಸ್ ಆಗಬೇಕು, ಎಚ್‌ಐವಿ, ಟಿಬಿ ನೋಡುತ್ತಾರೆ, ಫೇಲ್ ಆದರೆ ವಾಪಸ್. ಆ ಭಯ ಎಲ್ಲ ಟೆಸ್ಟ್‌ಗೂ ಅಂಟಿಕೊಂಡಿದೆ. "ಏನಾದರೂ ಸಿಕ್ಕರೆ ಊರಿಗೆ ಕಳಿಸಿಬಿಡುತ್ತಾರೆ, ಮಕ್ಕಳ ಫೀಸು ಯಾರು ಕಟ್ಟುತ್ತಾರೆ" ಅನ್ನುತ್ತಾರೆ. ಎದೆಯಲ್ಲಿ ಗಡ್ಡೆ ಇಟ್ಟುಕೊಂಡು ರಜೆಗೆ ಊರಿಗೆ ಹೋಗುವ ತನಕ ಕಾದವರನ್ನು ನೋಡಿದ್ದೇನೆ.

ಶಾರ್ಜಾದಿಂದ 2011ರಲ್ಲಿ ಶುರುವಾದ ಪಿಂಕ್ ಕ್ಯಾರವಾನ್ ಅಂತ ಇದೆ, ಊರೂರಿಗೆ ಗಾಡಿ ತಂದು ಉಚಿತವಾಗಿ ಸ್ತನ ತಪಾಸಣೆ ಮಾಡುತ್ತಾರೆ, ವಲಸಿಗರಿಗೂ. ಆದರೆ ಅಲ್ಲಿಗೆ ಹೋಗಲು ಒಂದು ದಿನ ರಜೆ ಬೇಕು. ಮನೆಯಲ್ಲಿ ಕೆಲಸದವರನ್ನು ಇಟ್ಟುಕೊಂಡಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ರಜೆ ಕೊಡಿ. ಸಾಧ್ಯವಾದರೆ ನೀವೇ ಕರೆದುಕೊಂಡು ಹೋಗಿ.

ಕಾಫಿಹೂವು (ಟೊರೊಂಟೊ)

ಒಂಟಾರಿಯೊದಲ್ಲಿ ಇದರ ಬಗ್ಗೆ ಸಂಶೋಧನೆಯೇ ಆಗಿದೆ. ವಲಸೆ ಬಂದ ಹೆಂಗಸರಲ್ಲಿ ಪ್ಯಾಪ್ ಟೆಸ್ಟ್ ಅತಿ ಕಮ್ಮಿ ಆಗಿರುವುದು ದಕ್ಷಿಣ ಏಷ್ಯಾದವರಲ್ಲಿ. ಫ್ಯಾಮಿಲಿ ಡಾಕ್ಟರ್ ಗಂಡಸಾಗಿದ್ದರೆ ಇನ್ನೂ ಕಮ್ಮಿ. ಇಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗುವುದೇ ಕಷ್ಟ, ಅದರಲ್ಲಿ ಹೆಂಗಸೇ ಬೇಕು ಅಂತ ಹುಡುಕುವುದು ಇನ್ನೂ ಕಷ್ಟ. ಮ್ಯಾಮೊಗ್ರಾಮ್‌ಗಾದರೆ ಡಾಕ್ಟರ್ ಚೀಟಿ ಬೇಕಿಲ್ಲ. 2024ರ ಅಕ್ಟೋಬರ್‌ನಿಂದ 40 ದಾಟಿದವರು ತಾವೇ ಫೋನ್ ಮಾಡಿ ಹೋಗಬಹುದು. ಬ್ರಿಟಿಷ್ ಕೊಲಂಬಿಯಾದವರು ಇನ್ನೂ ಮುಂದೆ ಹೋಗಿ 2024ರ ಜನವರಿಯಿಂದ ಎಚ್‌ಪಿವಿ ಕಿಟ್ ಮನೆಗೇ ಕಳಿಸುತ್ತಿದ್ದಾರೆ.

ತುಂಗಾತೀರ (ನ್ಯೂಜೆರ್ಸಿ)

ಇಷ್ಟು ಜನ ಮನಸ್ಸು ಬಿಚ್ಚಿ ಬರೆದದ್ದಕ್ಕೆ ನಾನು ಋಣಿ. ಒಂದು ಸಂಗತಿ ಹಂಚಿಕೊಳ್ಳಬೇಕು. ಪ್ಯಾಪ್ ಅನ್ನುವುದು ಜಾರ್ಜ್ ಪಾಪಾನಿಕೊಲಾವ್ ಹೆಸರಿನಿಂದ ಬಂದದ್ದು. ಅವರು, ಹೆಂಡತಿ ಆಂಡ್ರೊಮಾಕಿ 1913ರಲ್ಲಿ ಗ್ರೀಸ್‌ನಿಂದ ನ್ಯೂಯಾರ್ಕ್‌ಗೆ ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ, ದುಡ್ಡಿರಲಿಲ್ಲ. ಆಕೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಆಮೇಲೆ ಗಂಡನ ಲ್ಯಾಬ್‌ನಲ್ಲಿ ಜೊತೆಗೆ ದುಡಿದರು, ಎಷ್ಟೋ ವರ್ಷ ತಮ್ಮ ಮೈಯಿಂದಲೇ ಸ್ಯಾಂಪಲ್ ಕೊಟ್ಟರು. ವಲಸೆ ಬಂದ ಒಬ್ಬ ಹೆಂಗಸಿನ ಮೈಯಿಂದ ಕಲಿತ ಟೆಸ್ಟ್ ಇದು. ವಲಸೆ ಬಂದ ಹೆಂಗಸರಿಗೇ ತಲುಪದಿದ್ದರೆ ಹೇಗೆ? ನಮ್ಮ ಕಾರ್ಯಕ್ರಮದಲ್ಲಿ ಭಾಷಣ ಕಮ್ಮಿ ಮಾಡಿ, ಹಾಲ್‌ನಲ್ಲೇ ಎರಡು ಮೇಜು ಹಾಕಿ, ಫೋನ್ ಹಿಡಿದು ಅಪಾಯಿಂಟ್‌ಮೆಂಟ್ ಮಾಡಿಕೊಡುವುದು ಅಂತ ತೀರ್ಮಾನಿಸಿದ್ದೇವೆ. ಕಾರು ಇಲ್ಲದವರನ್ನು ಕರೆದೊಯ್ಯಲು ಆರು ಜನ ಒಪ್ಪಿದ್ದಾರೆ.

ಹೊಸಬಾಣಂತಿ (ಆಸ್ಟಿನ್)

ನನ್ನದೊಂದು ಅವಸರದ ಪ್ರಶ್ನೆ. ನನ್ನ ಬಾಣಂತನಕ್ಕೆ ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ, ಇನ್ನು ಮೂರು ತಿಂಗಳಿದೆ. ವಯಸ್ಸು 58. ಒಂದು ಸಲವೂ ಯಾವ ತಪಾಸಣೆಯೂ ಆಗಿಲ್ಲ. ಇಲ್ಲಿ ಬಂದ ಮೇಲೆ ಮಾಡಿಸಲಾ? ವಿಸಿಟರ್ ಇನ್ಶೂರೆನ್ಸ್ ತೆಗೆದುಕೊಂಡಿದ್ದೇನೆ. ಮ್ಯಾಮೊಗ್ರಾಮ್‌ಗೆ ತಾಳಿ ತೆಗೆಯಬೇಕಂತೆ, ಅದಕ್ಕೆ ಅಮ್ಮ ಒಪ್ಪುವುದಿಲ್ಲ.

ಬೆಳದಿಂಗಳು (ಬೇ ಏರಿಯಾ)

ಇಲ್ಲಿ ಬೇಡ. ವಿಸಿಟರ್ ಇನ್ಶೂರೆನ್ಸ್‌ಗಳು ಸಾಮಾನ್ಯವಾಗಿ ತಪಾಸಣೆಗೆ ದುಡ್ಡು ಕೊಡುವುದಿಲ್ಲ. ಇಲ್ಲಿ ಬಂದ ಮೇಲೆ ಏನಾದರೂ ಸಿಕ್ಕರೆ "ಮೊದಲೇ ಇದ್ದ ಕಾಯಿಲೆ" ಅಂತ ಕೈಬಿಡುವುದೂ ಇದೆ.

ವೈದ್ಯೆ_ಬಯಲುಸೀಮೆ (ಬೆಂಗಳೂರು)

ಹೌದು, ಊರಲ್ಲೇ ಮಾಡಿಸಿ. ಮೂರು ತಿಂಗಳು ಸಾಕಷ್ಟು ಸಮಯ. ಈ ತಿಂಗಳೇ ಹೋಗಲಿ, ಏನಾದರೂ ಮರುಟೆಸ್ಟ್ ಬೇಕಾದರೆ ಟಿಕೆಟ್‌ಗೆ ಮುಂಚೆ ಮುಗಿಯುತ್ತದೆ. ಮ್ಯಾಮೊಗ್ರಾಮ್, ಗರ್ಭಕಂಠಕ್ಕೆ ಎಚ್‌ಪಿವಿ ಅಥವಾ ಪ್ಯಾಪ್, ಎರಡೂ ಒಂದೇ ದಿನ ಆಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದರೆ ಅದನ್ನು ಮೊದಲೇ ಡಾಕ್ಟರ್‌ಗೆ ಹೇಳಲಿ, ಅದಕ್ಕೆ ತಪಾಸಣೆ ಸಾಲದು, ಬೇರೆ ಪರೀಕ್ಷೆ ಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಬಾಯಿಯನ್ನೂ ತೋರಿಸಲಿ.

ಸೀರೆ ಉಟ್ಟುಕೊಂಡೇ ಹೋಗಬಹುದು. ರವಿಕೆ, ಬ್ರಾ ತೆಗೆದರೆ ಸಾಕು, ಸೆರಗು ಹೊದ್ದುಕೊಳ್ಳಬಹುದು. ಆ ದಿನ ಪೌಡರ್, ಡಿಯೋಡ್ರೆಂಟ್ ಹಚ್ಚುವುದು ಬೇಡ, ಚಿತ್ರದಲ್ಲಿ ಚುಕ್ಕೆ ಬೀಳುತ್ತದೆ. ತಾಳಿ ಚಿತ್ರಕ್ಕೆ ಅಡ್ಡ ಬರಬಾರದು ಅಷ್ಟೇ. ಬೆನ್ನ ಹಿಂದಕ್ಕೆ ಸರಿಸಿದರೆ ಆಗುತ್ತದಾ ಅಂತ ಕೇಳಲಿ. ಆಗದಿದ್ದರೆ ಬಿಚ್ಚಿ ಕೈಯಲ್ಲೇ ಸುತ್ತಿ ಹಿಡಿದುಕೊಳ್ಳಲಿ. ವರದಿಯ ಜೊತೆ ಚಿತ್ರಗಳಿರುವ ಸಿಡಿ ಕೇಳಿ ತೆಗೆದುಕೊಂಡು, ನಿಮ್ಮ ಹತ್ತಿರ ಬರುವಾಗ ಕೈಚೀಲದಲ್ಲೇ ಇಟ್ಟುಕೊಂಡು ಬರಲಿ.

ಹೊಸಬಾಣಂತಿ (ಆಸ್ಟಿನ್)

ಅಮ್ಮನ ಜೊತೆ ಈಗ ಮಾತಾಡಿದೆ. ಚಿಕ್ಕಮ್ಮನೂ ಜೊತೆಗೆ ಹೋಗುತ್ತಾರಂತೆ, ಅವರದೂ ಆಗಿಲ್ಲ. ಗುರುವಾರಕ್ಕೆ ಹೇಳಿಟ್ಟಿದ್ದೇನೆ.